ಮೂವತ್ನಾಲ್ಕು ಡಿಗ್ರಿಯ ಮೋಹ

ಗದಗಿನ ಬೇಸಿಗೆಯಲ್ಲಿ ಚಾಕೊಲೇಟಿಗೆ ಖಾಯಂ ಆಕಾರವಿಲ್ಲ. ಕೋಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಮೈಯ ಶಾಖ 37. ಈ ಮೂರು ಡಿಗ್ರಿಯಲ್ಲೇ ಅದರ ಮಾಯೆಯೆಲ್ಲ ಅಡಗಿದೆ. ಹೊರಗೆ ಗಟ್ಟಿ, ನಾಲಿಗೆಗೆ ಇಟ್ಟರೆ ನೀರು. ಆದರೆ ಈ ಲೆಕ್ಕ ಹಾಕಿದವರು ಯಾರೂ ಮೇ ತಿಂಗಳ ಮಧ್ಯಾಹ್ನ ಬೆಟಗೇರಿಯ ರಸ್ತೆಯಲ್ಲಿ ನಿಂತವರಲ್ಲ. ನಲವತ್ತರ ಆಸುಪಾಸಿನ ಬಿಸಿಲಿನಲ್ಲಿ ಬಾಯಿ ಮಾಡಬೇಕಾದ ಕೆಲಸವನ್ನು ಊರೇ ಮಾಡಿ ಮುಗಿಸಿರುತ್ತದೆ.

ಮಿರ್ಚಿ, ಗಿರಮಿಟ್ಟಿನ ಊರಿನಲ್ಲಿ ಹುಟ್ಟಿ ಚಾಕೊಲೇಟಿಗೆ ಮನಸೋತದ್ದನ್ನು ನಮ್ಮ ಬಳಗದವರು ಪಕ್ಷಾಂತರವೆಂದೇ ತಿಳಿದಿದ್ದಾರೆ. ಪಕ್ಷಾಂತರಿಗೆ ಸಿಗುವ ಮರ್ಯಾದೆಯೂ ಅಷ್ಟರಲ್ಲೇ ಇದೆ. ಕಿರಾಣಿ ಅಂಗಡಿಯವರು ವರ್ಷಾನುಗಟ್ಟಲೆ “ಚಿಲ್ಲರ ಇಲ್ರಿ, ಚಾಕಲೇಟ್ ತಗೋರಿ” ಎಂದು ಸಕ್ಕರೆ ಪಾಕದ ಗೋಲಿ ಕೈಗಿಟ್ಟು ಕಳಿಸಿದರು. ಅದರಲ್ಲಿ ಕೋಕೊ ಇದ್ದರೆ ಕಪ್ಪತಗುಡ್ಡದ ಮೇಲೆ ಹಿಮ ಇದೆ. ಕ್ಯೂಆರ್ ಕೋಡ್ ಬಂದ ಮೇಲಷ್ಟೇ ಈ ಹಗಲುದರೋಡೆ ನಿಂತದ್ದು.

ಹೋದ ಬೇಸಿಗೆಯಲ್ಲಿ ಮುಂಡರಗಿಯ ಅಕ್ಕನ ಮನೆಗೆ ಹೊರಟಿದ್ದೆ. ಅಕ್ಕನ ಮೊಮ್ಮಗಳಿಗೆಂದು ಒಂದು ದೊಡ್ಡ ಬಾರ್, ಪುತ್ತೂರಿನ ಕ್ಯಾಂಪ್ಕೊದ್ದು, ಅಂಗಿಯ ಜೇಬಿನಲ್ಲಿತ್ತು. ಕೂಸಿಗೆ ಇನ್ನೂ ಹಲ್ಲು ಬಂದಿಲ್ಲವೆಂಬುದು ನನಗೆ ಗೊತ್ತಿತ್ತು. ಉಡುಗೊರೆ ಒಯ್ಯುವಾಗ ಅಷ್ಟೆಲ್ಲ ನೋಡುತ್ತ ಕೂಡಬಾರದು. ಬಸ್ಸು ಗದಗ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿ ಚೀರಿದಳು: “ತಮ್ಮಾ, ನಿನ್ನ ಎದಿ ಒಡದು ರಕ್ತ ಕರ್ರಗ ಬರಾಕ್ಹತ್ತೈತಲ್ಲೋ!”

“ರಕ್ತ ಅಲ್ಲಬೇ ಯವ್ವಾ, ಚಾಕಲೇಟ್.”

ಇಷ್ಟು ಅಂದದ್ದೇ ತಡ, ಬಸ್ಸೆಲ್ಲ ಎದ್ದು ನಿಂತಿತು. ಲಕ್ಷ್ಮೇಶ್ವರದ ಅರಿವೆ ವ್ಯಾಪಾರಿಯೊಬ್ಬರು ಕಿಟಕಿಯ ಹೊರಗೆ ಹಿಡಿಯಲು ಹೇಳಿದರು. ಹಿಡಿದೆ. ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಬಾರು ಇನ್ನಷ್ಟು ಮೆತ್ತಗಾಗಿ ಕೈ ಮೇಲೆ ಒರಗಿತು. ಶಿರಹಟ್ಟಿ ಕಡೆಯ ಮಾಸ್ತರರೊಬ್ಬರು ಹಿಂದಿನ ಸೀಟಿನಿಂದಲೇ ಪಾಠ ಶುರುಮಾಡಿದರು: ನೀರು ಆವಿಯಾಗುವಾಗ ಶಾಖ ಹೀರುತ್ತದೆ, ಆದ್ದರಿಂದ ಹಸಿ ಬಟ್ಟೆ ಬೇಕು. ಹಸಿ ಬಟ್ಟೆ ಇದ್ದದ್ದು ಅಜ್ಜಿಯ ತೊಡೆಯ ಮೇಲಿನ ಮಜ್ಜಿಗೆ ಡಬ್ಬಿಯ ಸುತ್ತ. ಆಕೆ ಡಬ್ಬಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಕೊಡ ಇಲ್ಲೆ” ಎಂದು ಬಾರನ್ನು ಕಿತ್ತುಕೊಂಡು ಬಟ್ಟೆಗೂ ಡಬ್ಬಿಗೂ ನಡುವೆ ತುರುಕಿದಳು. ಮಾಸ್ತರರು ಐದೈದು ನಿಮಿಷಕ್ಕೊಮ್ಮೆ “ಹೆಂಗೈತ್ರಿ ಈಗ?” ಎಂದು ಐಸಿಯು ಹೊರಗಿನ ನೆಂಟರ ದನಿಯಲ್ಲಿ ಕೇಳುತ್ತಿದ್ದರು. ಅಜ್ಜಿ ಬೆರಳಿಂದ ಒತ್ತಿ ನೋಡಿ “ಗಟ್ಟಿ ಆಗಾಕ್ಹತ್ತೈತಿ” ಎನ್ನುವಳು. ಬಸ್ಸಿಗೆ ಬಸ್ಸೇ ನಿಟ್ಟುಸಿರು ಬಿಡುವುದು.

ಡಂಬಳ ಬಂತು. ಅಜ್ಜಿ ಡಬ್ಬಿಯನ್ನು ಸೊಂಟಕ್ಕೇರಿಸಿ ಇಳಿದೇಬಿಟ್ಟಳು. ನಾನು ಬಾಗಿಲಿಗೆ ಓಡಿದೆ.

“ಇಳಿಯೂದಿದ್ರ ಇಳೀರಿ ಸರ, ಇಲ್ಲಾಂದ್ರ ಕುಂದರ್ರಿ. ಒಂದು ಚಾಕಲೇಟಿಗೆ ಇಷ್ಟು ಮಂದಿ ಕಾಯಬೇಕೇನು?” ಎಂದ ಕಂಡಕ್ಟರ್.

ಕಾಯುತ್ತೇವೆ ಎಂದಿತು ಬಸ್ಸು, ಒಂದೇ ದನಿಯಲ್ಲಿ. ಅಜ್ಜಿ ಅವಸರವಿಲ್ಲದೆ ತಿರುಗಿ ಬಂದು ಬಾರನ್ನು ಮುರಿದಳು. “ಇಷ್ಟು ನನ್ನ ಭಾಡಿಗಿ” ಎಂದು ಅರ್ಧ ಬಾಯಿಗೆ ಹಾಕಿಕೊಂಡಳು. ಅಗಿದಳು. ಎಲ್ಲರೂ ಆ ಬಾಯನ್ನೇ ನೋಡುತ್ತಿದ್ದೆವು. “ಸುಟ್ಟ ಬೆಲ್ಲ ಇದ್ದಂಗೈತಿ. ಇದಕ್ಕ ಇಷ್ಟು ಒದ್ದಾಡತೀಯೇನೋ?”

ಉಳಿದರ್ಧ ಮುಂಡರಗಿ ಮುಟ್ಟಿ ಫ್ರಿಜ್ಜಿನಲ್ಲಿ ಕೂತು ಹೊರಬಂದಾಗ ಮೈಮೇಲೆ ಬಿಳಿ ಮಚ್ಚೆ ಎದ್ದಿದ್ದವು. ಅಕ್ಕ ಬೂಸರು ಎಂದು ಎಸೆಯಲು ಹೊರಟಳು. ಅದು ಕರಗಿದ ಕೋಕೊ ಬೆಣ್ಣೆ ಮೇಲೆ ಬಂದು ಮತ್ತೆ ಹರಳುಗಟ್ಟಿದ್ದು, ಹೊಟ್ಟೆಗೆ ಏನೂ ಆಗುವುದಿಲ್ಲ ಎಂದು ವಿವರಿಸುತ್ತಲೇ ಕೂಸಿನ ಪರವಾಗಿ ನಾನೇ ಮುಗಿಸಿದೆ.

ಅಜ್ಜಿಯ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್, ಕೆಫೀನ್‌ಗಳೇ ಈ ಚಟಕ್ಕೆ ಕಾರಣವೇ ಎಂದು ಅಮೆರಿಕದ ಮಿಚೆನರ್ ಮತ್ತು ರೋಜಿನ್ 1994ರಲ್ಲಿ ಪರೀಕ್ಷೆ ಮಾಡಿದರು. ಆಸೆ ಕೆರಳಿದವರಿಗೆ ಕೋಕೊ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿ ನುಂಗಿಸಿದರು, ಆಸೆ ಜಗ್ಗಲಿಲ್ಲ. ಕೋಕೊ ಪುಡಿಯೇ ಇಲ್ಲದ ಬಿಳಿ ಚಾಕೊಲೇಟ್ ತಿನ್ನಿಸಿದರೆ ಸ್ವಲ್ಪ ತಣಿಯಿತು. ನಿಜವಾದ ಚಾಕೊಲೇಟ್ ತಿಂದಾಗಲೇ ಪೂರ್ತಿ ಸಮಾಧಾನ. ಎಂದರೆ ನಮಗೆ ಬೇಕಾದದ್ದು ಆ ರುಚಿ, ಆ ವಾಸನೆ, ಸಕ್ಕರೆ ಮತ್ತು ಜಿಡ್ಡು ಒಟ್ಟಿಗೆ ನಾಲಿಗೆಯ ಮೇಲೆ ಕರಗುವ ಆ ಗಳಿಗೆ. ಭೀಷ್ಮಕೆರೆಯ ಸುತ್ತ ಬೆಳಗಿನ ವಾಕಿಂಗ್ ಮಾಡುವ ಗೆಳೆಯರಿಗೆ ಇದು ತಿಳಿಯದು. ಎಂಬತ್ತೈದು ಪರ್ಸೆಂಟ್ ಡಾರ್ಕ್ ತಿನ್ರಿ, ಹಾರ್ಟಿಗೆ ಚಲೋ ಎನ್ನುತ್ತಾರೆ. ನನಗೆ ಕಷಾಯವೇ ಬೇಕಾಗಿದ್ದರೆ ಮನೆಯಲ್ಲೇ ಕುದಿಸಿಕೊಳ್ಳುತ್ತಿದ್ದೆ.

ನನ್ನ ಕೈಯಲ್ಲಿ ಇನ್ನೂ ಘನವಾದ ಸಮರ್ಥನೆಯೊಂದಿದೆ. ಕ್ಯಾಂಪ್ಕೊ 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಸ್ಥೆ. ಅಡಿಕೆ ತೋಟದ ನೆರಳಲ್ಲಿ ಕೋಕೊ ಹಾಕಿದ್ದ ರೈತರು 1980ರ ಸುಮಾರಿಗೆ ಬೆಲೆ ಬಿದ್ದು ಕೊಳ್ಳುವವರಿಲ್ಲದೆ ಕೂತಾಗ, ಈ ಸಂಸ್ಥೆಯೇ ಬೀಜ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಇನ್ನು ಸಹಕಾರದ ತವರು ಯಾವುದು? ಗದಗ ತಾಲ್ಲೂಕಿನ ಕಣಗಿನಹಾಳ! 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಹುಟ್ಟುಹಾಕಿದ ಕೃಷಿ ಪತ್ತಿನ ಸಹಕಾರ ಸಂಘ ದೇಶಕ್ಕೇ ಮೊದಲನೆಯದೆಂದು ಹೆಸರಾಗಿದೆ. ಹಾಗಾಗಿ ನಾನು ಬಾರ್ ಬಿಚ್ಚಿದಾಗಲೆಲ್ಲ ನಮ್ಮ ನೆಲದ ತತ್ವವೊಂದನ್ನು ಬೆಂಬಲಿಸಿದಂತಾಗುತ್ತದೆ. ಇದನ್ನು ಮನೆಯಾಕೆಗೆ ಹೇಳಿ ನೋಡಿದೆ.

“ಸಹಕಾರ ಅಂದ್ರ ಒಬ್ಬರ ತಿನ್ನೂದೇನ್ರಿ?” ಎಂದಳು.

ಮಾತು ಅಲ್ಲಿಗೇ ನಗೆಯಾಗಿ ಮುಗಿಯಬಹುದಿತ್ತು. ಆದರೆ ಅದೇ ವಾರ ಉಳ್ಳಾಗಡ್ಡಿಯ ರೇಟು ಬಿದ್ದಿತ್ತು. ತಂದ ಬಾಡಿಗೆಯೂ ಹುಟ್ಟದೆ ಚೀಲಗಳನ್ನು ಮಾರುಕಟ್ಟೆಯಲ್ಲೇ ಬಿಟ್ಟುಹೋದ ರೈತರನ್ನು ನಮ್ಮ ಸೀಮೆ ಎಷ್ಟು ಸಲ ಕಂಡಿಲ್ಲ? ಕೋಕೊದವರಿಗೆ ಒಂದು ಪುತ್ತೂರು ಸಿಕ್ಕಿತು. ನಮ್ಮ ಉಳ್ಳಾಗಡ್ಡಿಗೆ, ಕಣಗಿನಹಾಳ ಪಕ್ಕದಲ್ಲೇ ಇದ್ದೂ, ಅಂಥದ್ದೊಂದು ಇನ್ನೂ ಆಗಬೇಕಿದೆ. ಓದುಗರಲ್ಲಿ ಸಹಕಾರಿ ಧುರೀಣರು ಯಾರಾದರೂ ಇದ್ದರೆ ದಯವಿಟ್ಟು ಮನಸ್ಸು ಮಾಡಿರಿ. ಷೇರುದಾರರ ಪಟ್ಟಿಯಲ್ಲಿ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿ. ಆದರೆ ಮೀಟಿಂಗಿನ ಚಹಾದ ಜೊತೆ ಉಳ್ಳಾಗಡ್ಡಿ ಬಜಿ ಸಾಕೆಂದು ಠರಾವು ಪಾಸು ಮಾಡಿದರೆ ನನ್ನ ವಿರೋಧವಿದೆ.