ಹಳೆ ಸಂಕ, ಹೊಸ ಸಂಕ

ಅಕ್ಕಾ, ಆ ಸ್ಕ್ರೀನನ್ನು ಇವತ್ತೇ ವಾಪಸು ಕಳಿಸಬೇಡಿ. ಹಾಳಾದದ್ದು ಅದಲ್ಲ ಅಂತ ನನಗೆ ಕಾಣುತ್ತದೆ. ನಿಮ್ಮ ಮಗ ನಿನ್ನೆ ಇದೇ ಬೇಲಿ ಹತ್ತಿರ ನಿಂತು ಹೇಳಿದ: ಸ್ಕ್ರೀನಿನಲ್ಲಿ ಕಿಟಕಿ ಎಳೆದರೆ ಅದರ ಚೂರುಗಳು ಹಿಂದೆಯೇ ಉಳಿಯುತ್ತವಂತೆ, ಅಕ್ಷರ ಅಡ್ಡಕ್ಕೆ ಹರಿದ ಹಾಗೆ ಆಗುತ್ತದಂತೆ. ಹೋದ ಮಳೆಗಾಲ ನನ್ನದೂ ಇದೇ ಕತೆ. ಮೂರು ದಿನ ನಿದ್ದೆ ಇರಲಿಲ್ಲ.

ಎಂತ ಗೊತ್ತುಂಟಾ, ಎಚ್‌ಡಿಎಂಐ ವಯರಿನಲ್ಲಿ ಚಿತ್ರ ಗ್ರಾಫಿಕ್ಸ್ ಚಿಪ್‌ನಿಂದ ನೇರ ಹೋಗುತ್ತದೆ. ಅವನ ಸ್ಕ್ರೀನು ಯುಎಸ್‌ಬಿಗೆ ಚುಚ್ಚುವಂಥದ್ದು, ಅದರಲ್ಲಿರುವುದು ಡಿಸ್‌ಪ್ಲೇಲಿಂಕ್ ಚಿಪ್. ಅದಕ್ಕೆ ಲ್ಯಾಪ್‌ಟಾಪೇ ಚಿತ್ರದಲ್ಲಿ ಬದಲಾದ ತುಂಡುಗಳನ್ನು ಹೆಕ್ಕಿ, ಅದುಮಿ, ಪೆನ್‌ಡ್ರೈವಿಗೆ ಫೈಲ್ ಕಳಿಸಿದ ಹಾಗೆ ಕಳಿಸಬೇಕು. ಲೆಕ್ಕ ಹಾಕಿ ನೋಡಿ. 1920×1080ರ ಚಿತ್ರ ಸೆಕೆಂಡಿಗೆ 60 ಸಲ, ಅದುಮದೇ ಕಳಿಸಿದರೆ ಸುಮಾರು 3 ಗಿಗಾಬಿಟ್. ಯುಎಸ್‌ಬಿ 2.0 ಹೊರುವುದು ಹೆಚ್ಚೆಂದರೆ 480 ಮೆಗಾಬಿಟ್. ಹೆದ್ದಾರಿಯ ಲಾರಿಗಳನ್ನೆಲ್ಲ ನಮ್ಮ ಪಾಣೆಮಂಗಳೂರಿನ ಹಳೆ ಸಂಕದ ಮೇಲೆ ಬಿಟ್ಟ ಹಾಗೆ ಅಲ್ವಾ! 3.0 ಅಂದರೆ ಹೊಸ ಸಂಕ, 5 ಗಿಗಾಬಿಟ್.

ತಮಾಷೆ ಎಂತ ಅಂದರೆ, ಸ್ಕ್ರೀನೂ ಲ್ಯಾಪ್‌ಟಾಪೂ 3.0 ಆಗಿದ್ದರೂ ನಡುವಿನ ಕೇಬಲ್ ಹಳೆಯದಾದರೆ ಎಲ್ಲ ಹಳೆ ಸಂಕದ ಮೇಲೆಯೇ ಹೋಗುತ್ತದೆ. ಲಿನಕ್ಸಿನ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟರೆ ಸ್ಕ್ರೀನಿನ ಸಾಲಿನ ಕೊನೆಯಲ್ಲಿ 480 ಉಂಟಾ 5000 ಉಂಟಾ ಅಂತ ಕಾಣುತ್ತದೆ. ನನ್ನದರಲ್ಲಿ 480 ಇತ್ತು. ನಮ್ಮ ಊರಿನ ತೇವಕ್ಕೆ ಪಿನ್ನಿಗೆ ಕಿಲುಬು ಹಿಡಿದಿತ್ತು. ಕೇಬಲ್ ಬದಲಾಯಿಸಿದೆ, ಹಬ್ ತೆಗೆದು ನೇರ ಚುಚ್ಚಿದೆ, ಅಕ್ಷರ ಸರಿ ನಿಂತಿತು.

ಕೇಬಲ್ ಬದಲಾಯಿಸುವ ಮೊದಲು ಅವನು ಒಂದು ಸ್ಕ್ರೀನ್‌ಶಾಟ್ ತೆಗೆಯಲಿ. ಅದನ್ನು ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ನೋಡುವಾಗ ಚಿತ್ರ ಶುದ್ಧವಾಗಿದ್ದರೆ, ಚಿತ್ರ ಬರೆಯುವುದರಲ್ಲಿ ತಪ್ಪಿಲ್ಲ. ಕಳಿಸುವ ದಾರಿಯಲ್ಲಿ ಎಲ್ಲೋ ಉಂಟು. ಈ ಒಂದು ಪರೀಕ್ಷೆ ನನಗೆ ಮೊದಲೇ ಹೊಳೆದಿದ್ದರೆ ಮೂರು ದಿನ ಉಳಿಯುತ್ತಿತ್ತು.

ಸ್ಕ್ರೀನ್ ಪೂರ್ತಿ ಕಪ್ಪಾದರೆ ಅದು ಬೇರೆ ಕಾಯಿಲೆ. ಹಳೆಯ 2.0 ಚಿಪ್‌ಗಳಿಗೆ ಬೇಕಾದ ಯುಡಿಎಲ್ ಡ್ರೈವರ್ ಕರ್ನೆಲ್ಲಿನೊಳಗೇ ಉಂಟು. ಹೊಸ ಚಿಪ್‌ಗಳಿಗೆ ಇವಿಡಿಐ ಎಂಬುದನ್ನು ಹೊರಗಿನಿಂದ ಹಾಕಬೇಕು, ಕರ್ನೆಲ್ ಅಪ್‌ಡೇಟ್ ಆದಾಗಲೆಲ್ಲ ಅದನ್ನು ಪುನಃ ಕಟ್ಟಬೇಕು. ಕಟ್ಟುವುದು ತಪ್ಪಿದರೆ ಪರದೆಗೆ ಏನೂ ಬರುವುದಿಲ್ಲ. ಆಗ ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಗ್ರಬ್ ಪಟ್ಟಿಯಿಂದ ಹಿಂದಿನ ಕರ್ನೆಲ್ ಆರಿಸಿ ನೋಡುವುದು.

ಲಿನಕ್ಸೇ ಬಿಡು ಅಂತ ಅವನಿಗೆ ಯಾರೋ ಹೇಳಿದ್ದಾರಂತೆ, ಬೇಡ ಅಕ್ಕಾ. ಆಚೆ ಕಾಸರಗೋಡಿನ ಸರಕಾರಿ ಕನ್ನಡ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷದಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಲಿನಕ್ಸಿನಲ್ಲಿ ಎಲ್ಲಿ ತಪ್ಪಿತು ಅಂತ ನಾವೇ ಹುಡುಕಿ ನೋಡಬಹುದು, ನನಗೆ ಅದೇ ದೊಡ್ಡದು.

ಅವನು ಬಿ.ಸಿ. ರೋಡಿನಿಂದ ಬಂದ ಕೂಡಲೇ ಒಂದು ಕೂಗು ಹಾಕಿ. ತುದಿಯ ಒಳಗೆ ನೀಲಿ ಇರುವ ನನ್ನ 3.0 ಕೇಬಲ್ ಹಿಡಿದುಕೊಂಡು ಬರುತ್ತೇನೆ.