ಹತ್ತೊಂಬತ್ತು ಚುಕ್ಕಿ

(ತುಮಕೂರಿನ ಕುಣಿಗಲ್ ರಸ್ತೆ ಬದಿಯ ಒಂದು ಓಣಿ. ಗುಬ್ಬಿ ಕಡೆಯ ನಿವೃತ್ತ ಮೇಷ್ಟ್ರು, ಅವರ ಹೆಂಡತಿ ಶಾರದಮ್ಮ, ಕ್ಯಾಮೆರಾ ಹಾಕಿಕೊಟ್ಟ ಕುಣಿಗಲ್ ಹುಡುಗ ಮಂಜ.)

ಮೇಷ್ಟ್ರು: ಬಾರಯ್ಯ ಮಂಜ. ಬೆಳಗಿನ ಜಾವ ಐದಕ್ಕೆ ದಾಸವಾಳದ ಕಳ್ಳ ಬಂದವ್ನೆ, ಸ್ಕೂಟರ್ ಹತ್ತಿ ಹೋಗವ್ನೆ. ನಂಬರ್ ಎಲ್ಲಯ್ಯ? ಬರೀ ಬೆಳ್ಳಗಿರೋ ಚೌಕ!

ಮಂಜ: ಅದೇ ಸಾ ನಂಬರ್ರು. ಎಚ್‌ಎಸ್‌ಆರ್‌ಪಿ ಪ್ಲೇಟು. ಕ್ಯಾಮೆರಾ ಬಿಟ್ಟ ಬೆಳಕನ್ನ ಹಂಗೇ ಅದರ ಮುಖಕ್ಕೇ ವಾಪಸ್ ಹೊಡೀತದೆ.

ಮೇಷ್ಟ್ರು: ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ತಂದು ನಿಲ್ಲಿಸಿದ್ರು. ನಿನ್ನ ಕೈಲಿ ಒಂದು ಸ್ಕೂಟರ್ ತೋರಿಸಕ್ಕಾಗಲ್ವಾ?

ಮಂಜ: ಆನೆ ನಿಂತ್ಕತದೆ ಸಾ. ಇವನು ಓಡ್ತಾನೆ. ರಾತ್ರಿ ಕ್ಯಾಮೆರಾ ಕಣ್ಣು ಸೆಕೆಂಡಿನ 25ರಲ್ಲಿ ಒಂದು ಪಾಲು ತೆರೆದಿರ್ತದೆ. ಗಂಟೆಗೆ 20 ಕಿಲೋಮೀಟರ್‌ನಲ್ಲಿ ಹೋದ್ರೂ ಅಷ್ಟರಲ್ಲಿ ಗಾಡಿ ಒಂದು ಗೇಣು ಮುಂದಕ್ಕೆ. ಪ್ಲೇಟೇ ಗೇಣುದ್ದ, 20 ಸೆಂಟಿಮೀಟರ್.

ಮೇಷ್ಟ್ರು: ದೊಡ್ಡದು ಮಾಡಿ ನೋಡಯ್ಯ. ಟೀವೀಲಿ ಪೊಲೀಸರು ಮಾಡ್ತಾರಲ್ಲ.

ಮಂಜ: ಇಡೀ ಬೀದಿ ಕಾಣ್ಬೇಕು ಅಂದ್ರಿ. ಅಡ್ಡಕ್ಕೆ 1920 ಚುಕ್ಕಿ, 20 ಮೀಟರ್ ಬೀದಿಗೆ ಹಂಚಿ. ಪ್ಲೇಟಿಗೆ ಬರೋದು 19.

ಶಾರದಮ್ಮ (ಒಳಗಿಂದ): 19 ಚುಕ್ಕಿ ಸಾಕಲ್ಲೋ, ರಥ ಬಿಡಿಸ್ತೀನಿ.

ಮಂಜ: ಸಾಲಿಗೆ ಐದಾರು ಅಕ್ಷರ ಅಮ್ಮಾ. ಒಂದಕ್ಕೆ ಮೂರು ಚುಕ್ಕಿ. ಅದ್ರಲ್ಲಿ ಎಂಟು ಬಿಡ್ಸಿ, ಮೂರೂ ಆಗ್ತದೆ, ಆರೂ ಆಗ್ತದೆ.

ಶಾರದಮ್ಮ: ಸೊನ್ನೆನೂ ಆಗತ್ತೆ. ಸರಿ ಬಿಡು.

ಮೇಷ್ಟ್ರು: ಹಂಗಾದ್ರೆ ದಾರಿ?

ಮಂಜ: ಇನ್ನೊಂದು ಕ್ಯಾಮೆರಾ. 12 ಎಂಎಂ ಲೆನ್ಸು, ಎದುರಿನ ಹಂಪ್ ಮೇಲೆ ಮೂರೇ ಮೀಟರ್ ನೋಡ್ತದೆ. ಹಂಪಲ್ಲಿ ಎಂಥವನೂ ನಿಧಾನ ಮಾಡ್ತಾನೆ. ಕಣ್ಣು ತೆರೆಯೋದು 500ರಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ಕತ್ತಲೆ, ಪ್ಲೇಟು ಮಾತ್ರ ಫಳಫಳ.

ಶಾರದಮ್ಮ: ಆ ದುಡ್ಡಿಗೆ ವರ್ಷಪೂರ್ತಿ ಮಾರುಗಟ್ಟಲೆ ಹೂ ಬರ್ತಿತ್ತು.

ಮೇಷ್ಟ್ರು: ಹೂವಿನ ಪ್ರಶ್ನೆ ಅಲ್ಲ ಕಣೇ!

(ಅವರ ಮನೇಲಿ ಹೂವಿನ ಪ್ರಶ್ನೆ ಅಲ್ಲದ್ದು ಯಾವುದೂ ಇಲ್ಲ. ಹೊಸ ಕ್ಯಾಮೆರಾ ಬಂತು. ಆಯುಧಪೂಜೆಯೂ ಬಂತು. ವಿಜಯದಶಮಿ ಬೆಳಿಗ್ಗೆ.)

ಮೇಷ್ಟ್ರು: ಸಿಕ್ಕಿದ! ಬಾರೇ ಇಲ್ಲಿ! ನೋಡು, ಕೆಎ 06... ಮೊದಲನೇ ಸಾಲು ಕನ್ನಡಿ ಇದ್ದಂಗೈತೆ!

ಮಂಜ: ಎರಡನೇ ಸಾಲು, ಸಾ?

ಮೇಷ್ಟ್ರು: ಏನೋ ಅಡ್ಡ ನೇತಾಡ್ತಿದೆ... ಹಾರ! ನಿನ್ನೆ ಪೂಜೆ ಮಾಡಿ ಹಿಂದಕ್ಕೂ ಕಟ್ಟವ್ನೆ, ಪಾಪಿ!

ಶಾರದಮ್ಮ (ಕನ್ನಡಕ ಏರಿಸಿ): ಸ್ವಲ್ಪ ದೊಡ್ಡದು ಮಾಡೋ ಮಂಜ. ಇನ್ನೂ ಸ್ವಲ್ಪ... ಆ ಹೂ ನೋಡ್ರೀ, ಸುತ್ತಿನ ದಾಸವಾಳ. ನಮ್ದೇ!