ಹಸಿ ಆರೋದರೊಳಗ

ತಿರ್ಲಾಪುರಕ್ಕೆ ಚಳಿಗಾಲ ಬಂತೆಂದು ತಿಳಿಯಲು ಪಂಚಾಂಗ ನೋಡಬೇಕಿಲ್ಲ. ರಾತ್ರಿ ಕೌದಿಯೊಳಗೆ ಕಾಲು ಚಾಚಿದಾಗ ಹಿಮ್ಮಡದ ಸೀಳಿಗೆ ದಾರ ಸಿಕ್ಕು ಪರ್ರೆಂದರೆ ಗೌರಿ ಹುಣ್ಣಿಮೆ ಆಜುಬಾಜು ಬಂತೆಂದೇ ಲೆಕ್ಕ. ಅಲ್ಲಿಂದ ಶಿವರಾತ್ರಿಗೆ ‘ಶಿವಶಿವಾ’ ಎನ್ನುತ್ತ ಚಳಿ ಹೋಗುವ ತನಕ ಊರ ಮಂದಿಯ ಮೈಬಣ್ಣ ಒಂದೇ, ಬೂದಿ. ಜಾತಿ, ಪಕ್ಷ, ಓಣಿ ಎಂಬ ಭೇದವಿಲ್ಲದ ಸಮಾನತೆ ನಮ್ಮೂರಲ್ಲಿ ವರ್ಷಕ್ಕೊಮ್ಮೆ ಹೀಗೆ ತಾನಾಗಿಯೇ ಸ್ಥಾಪನೆಯಾಗುತ್ತದೆ. ಶಾಲೆಯ ಹುಡುಗರಂತೂ ಹಿಂದಿನ ಸಾಲಿನಲ್ಲಿ ಕುಳಿತು ಮೊಣಕಾಲ ಕೆಳಗೆ ಉಗುರಿನಿಂದ ಬೆಳ್ಳಗೆ ತಮ್ಮ ಹೆಸರು, ಆಗದವನ ಅಡ್ಡಹೆಸರು, ಹದಿಮೂರರ ಮಗ್ಗಿ ಎಲ್ಲ ಬರೆಯುತ್ತಾರೆ. ಉಗುಳು ಹಚ್ಚಿ ಒರೆಸಿದರೆ ಅಳಿಸಿಹೋಗುತ್ತದೆ. ಪರೀಕ್ಷೆಯ ದಿನ ಮಾಸ್ತರರು ಕಿಸೆ ತಡಕುತ್ತಾರೆ, ಅಂಗೈ ನೋಡುತ್ತಾರೆ. ಕಾಲು ನೋಡಬೇಕೆಂಬುದು ಇನ್ನೂ ಯಾರಿಗೂ ಹೊಳೆದಿಲ್ಲ.

ನವಲಗುಂದ ತಾಲೂಕಿನ ಈ ಎರಿ ಬಯಲಿನಲ್ಲಿ ಗಾಳಿಗೆ ಅಡ್ಡ ನಿಲ್ಲುವವರು ಯಾರೂ ಇಲ್ಲ. ಕಾಡಿಲ್ಲ, ಗಿಡಮರವೂ ಅಷ್ಟಕ್ಕಷ್ಟೇ. ಮೂಡಗಾಳಿ ಬಿಟ್ಟಿತೆಂದರೆ ಹಗ್ಗದ ಮೇಲಿನ ಅಂಗಿ ನೋಡನೋಡುತ್ತ ಆರುತ್ತದೆ. ಅಂಗಿ ತೊಟ್ಟ ಮನುಷ್ಯನೂ ಆರುತ್ತಾನೆ. ತಣ್ಣನೆಯ ಗಾಳಿಗೆ ನೀರಿನ ಆವಿ ಹಿಡಿದಿಟ್ಟುಕೊಳ್ಳುವ ತಾಕತ್ತು ಕಡಿಮೆ. ಇದ್ದ ಅಷ್ಟಿಷ್ಟು ತೇವ ಬೆಳಗಿನ ಜಾವ ಮಂಜುಹನಿಯಾಗಿ ಕಡಲೆ ಹೊಲದ ಮೇಲೆ ಇಳಿದುಬಿಡುತ್ತದೆ. ಹೊತ್ತೇರಿ ಗಾಳಿ ಬಿಸಿಯಾದ ಮೇಲೆ ಅದಕ್ಕೆ ಎಲ್ಲಿಲ್ಲದ ನೀರಡಿಕೆ. ಕೆರೆ, ಹೊಲ, ನಮ್ಮ ತುಟಿ ಎಂದು ನೋಡದೆ ಸಿಕ್ಕಲ್ಲಿ ಹೀರುತ್ತದೆ. ಚರ್ಮದ ತೀರ ಮೇಲಿನ ಪದರದಲ್ಲಿ ಶೇಕಡಾ 10ರಷ್ಟಾದರೂ ನೀರಿರಬೇಕು. ಅದಕ್ಕಿಂತ ಕೆಳಗಿಳಿದರೆ ಮೊದಲು ಹೊಟ್ಟು ಏಳುತ್ತದೆ, ಆಮೇಲೆ ಬಿರಿಯುತ್ತದೆ. ಎಲ್ಲಕ್ಕಿಂತ ಮೊದಲು ಹಿಮ್ಮಡವೇ ಯಾಕೆ ಸೀಳಬೇಕು? ಮೈಯ ಉಳಿದೆಡೆ ಜಿಡ್ಡು ಒಸರುವ ಗ್ರಂಥಿಗಳಿವೆ, ಅಂಗಾಲಿಗೆ ಅವಿಲ್ಲ. ಮೇಲಾಗಿ ಇಡೀ ಮನುಷ್ಯನ ಭಾರ ಅದರ ತಲೆಯ ಮೇಲೆ. ದುಡಿಮೆ ಹೆಚ್ಚು, ಗಳಿಕೆ ಸೊನ್ನೆ. ನಮ್ಮ ಕಡೆಯ ಒಕ್ಕಲುತನದ ಲೆಕ್ಕವೂ ಇದೇ.

ಇನ್ನು ಜಳಕ. ಈ ಭಾಗದಲ್ಲಿ ಬೋರಿನ ನೀರು ಬಹಳ ಕಡೆ ಸವಳು. ಕುಡಿಯಲು ಕೆರೆಯ ನೀರಾದರೆ ಮೈಗೆ ಬೋರಿನ ನೀರು. ಸವಳು ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ. ನೀರಿನ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಜತೆ ಕೂಡಿ ಜಿಗಟಾಗಿ ಮೈಗೇ ಅಂಟುತ್ತದೆ. ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಸಾಬೂನು ತಿಕ್ಕುತ್ತೇವೆ. ಚರ್ಮ ಸ್ವಭಾವತಃ ಸ್ವಲ್ಪ ಹುಳಿ, ಅದರ ಪಿಎಚ್ 5ರ ಆಸುಪಾಸು; ಸಾಮಾನ್ಯ ಸಾಬೂನಿನದು 9ರಿಂದ 10. ಎರಡಕ್ಕೂ ಸೊಸೆ–ಅತ್ತೆಯ ಸಂಬಂಧ. ಇಷ್ಟು ಸಾಲದೆಂದು ಹಂಡೆಯ ಕೆಳಗೆ ಹತ್ತಿಕಟ್ಟಿಗೆ ತುರುಕಿ ನೀರನ್ನು ಕುದಿಯ ಹತ್ತಿರ ತರುತ್ತೇವೆ. ಜಳಕದ ವಿಷಯದಲ್ಲಿ ನಮ್ಮ ಕಾಕಾನದು ಒಂದೇ ಸಿದ್ಧಾಂತ: “ಮೈಯಿಂದ ಹೊಗಿ ಏಳಬೇಕು. ಇಲ್ಲಾಂದ್ರ ಅದು ಜಳಕ ಅಲ್ಲ, ಬರೇ ಒದ್ದಿ ಆಗೋದು.” ಆ ಹೊಗೆಯ ಜತೆಗೇ ಚರ್ಮದ ಜಿಡ್ಡೂ ಬಚ್ಚಲ ಹಾದಿ ಹಿಡಿಯುತ್ತದೆ. ಬಚ್ಚಲಿನಿಂದ ಹೊರಬಂದಾಗ ಕಾಕಾ ಕೆಂಪಗೆ, ಲಕಲಕ ಹೊಳೆಯುತ್ತಾನೆ. ಹಣೆಗೆ ವಿಭೂತಿ ಹಚ್ಚುವ ಹೊತ್ತಿಗೆ ಉಳಿದ ಮೈಗೂ ವಿಭೂತಿ ಹತ್ತಿರುತ್ತದೆ.

ನಮ್ಮದೇ ತಾಲೂಕಿನ ಯಮನೂರಿನ ಜಾತ್ರೆಗೆ ಬಂದವರು ಮೈಯ ಬೇನೆ ಹೋಗಲೆಂದು ಬೆಣ್ಣಿಹಳ್ಳದಲ್ಲಿ ಮುಳುಗು ಹಾಕುತ್ತಾರೆ. ಅಲ್ಲಿ ಹಳ್ಳದ ನೀರಿನಲ್ಲೇ ದೀಪ ಉರಿಯುತ್ತದೆಂಬ ಪ್ರತೀತಿಯೂ ಉಂಟು. ಇರಬಹುದು. ನಮ್ಮ ಹಿಮ್ಮಡ ಮಾತ್ರ ಅಷ್ಟು ಭಕ್ತಿಯದಲ್ಲ, ಅದಕ್ಕೆ ಎಣ್ಣೆಯೇ ಬೇಕು.

ಯಾವ ಎಣ್ಣೆ? ಇದನ್ನು ಕಟ್ಟೆಯ ಮೇಲೆ ಕೇಳಬಾರದು. ಕೇಳಿದರೆ ಮಧ್ಯಾಹ್ನದ ಊಟ ತಪ್ಪುತ್ತದೆ. ಕೊಬ್ಬರಿ ಎಣ್ಣೆ ಎಂದು ಒಬ್ಬ ಹೇಳುವಷ್ಟರಲ್ಲಿ, ಅದು ಬಾಟಲಿಯಿಂದ ಇಳಿದರೆ ತಾನೆ ಎಂದು ಇನ್ನೊಬ್ಬ ನಗುತ್ತಾನೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಡಿಸೆಂಬರಿನ ಮುಂಜಾನೆ ಅದು ಕಲ್ಲು. ಹೆಂಗಸರು ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಮರೆಯುತ್ತಾರೆ, ಗಂಡಸರು ಕಡ್ಡಿ ಹಾಕಿ ಕೆದರುತ್ತಾರೆ, ಹುಡುಗರು ಹಾಗೆಯೇ ಶಾಲೆಗೆ ಹೋಗುತ್ತಾರೆ. ಶಿರಸಿಯ ಕಡೆಯಿಂದ ಹೆಣ್ಣು ತಂದವರ ಮನೆಯಲ್ಲಿ ಮುರುಗಲ ತುಪ್ಪದ ಉಂಡೆ ಇರುತ್ತದೆ. ಮುರುಗಲ ಬೀಜದಿಂದ ತೆಗೆದ ಇದು ಕೋಣೆಯ ಬಿಸಿಗೆ ಗಟ್ಟಿ, ದೀಪಕ್ಕೆ ಹಿಡಿದು ಸೀಳಿಗೆ ತಿಕ್ಕಿದರೆ ಕರಗಿ ಒಳಗಿಳಿಯುತ್ತದೆ. ಮದ್ದು ಒಳ್ಳೆಯದೇ. ಆದರೆ ಘಟ್ಟದಿಂದ ಬಂದ ಸೊಸೆ ತಂದದ್ದನ್ನು ಬಯಲುಸೀಮೆಯ ಅತ್ತೆ ಒಳ್ಳೆಯದೆನ್ನಲು ಎರಡು ಚಳಿಗಾಲವಾದರೂ ಹಿಡಿಯುತ್ತದೆ.

ಕುರುಬರ ಅಜ್ಜ ಯಾವ ಎಣ್ಣೆಯ ಗೊಡವೆಗೂ ಹೋಗುವವನಲ್ಲ. ಕುರಿಯ ಉಣ್ಣೆ ಕತ್ತರಿಸಿ ಕತ್ತರಿಸಿ ಅವನ ಅಂಗೈ ಹತ್ತಿಯಷ್ಟು ಮೆದು. ಉಣ್ಣೆಯಲ್ಲಿರುವ ಜಿಡ್ಡೇ ಕಾರಣ. 1882ರಲ್ಲಿ ಜರ್ಮನಿಯವರು ಅದೇ ಜಿಡ್ಡನ್ನು ಶುದ್ಧಮಾಡಿ ಲ್ಯಾನೊಲಿನ್ ಎಂದು ಹೆಸರಿಟ್ಟು ಪೇಟೆಂಟ್ ತೆಗೆದುಕೊಂಡರು. 1929ರಲ್ಲಿ ಕೋಲ್ಕತ್ತೆಯಲ್ಲಿ ಹುಟ್ಟಿದ ಹಸಿರು ಟ್ಯೂಬಿನ ಬೋರೋಲಿನ್‌ನಲ್ಲಿಯೂ ಅದಿದೆ. ಇದನ್ನು ಅಜ್ಜನಿಗೆ ಹೇಳಿದೆ. “ಹಂಗಾದ್ರ ಕಂಬಳಿ ಹೊದ್ದವಗ ಮೈ ಯಾಕ ಕಡಿತೈತೋ ತಮ್ಮಾ?” ಎಂದ. ನಿಜ. ಒಣಗಿದ ಮೈಗೆ ಉಣ್ಣೆಯ ಎಳೆ ಚುಚ್ಚುತ್ತದೆ. ಒಳಗೆ ಮೆತ್ತನೆಯ ಹತ್ತಿ ಅಂಗಿ, ಮೇಲೆ ಕಂಬಳಿ ಎಂಬುದು ಅಜ್ಜನಿಗೂ ಚರ್ಮದ ಡಾಕ್ಟರರಿಗೂ ಒಪ್ಪಿಗೆಯಾದ ಏಕೈಕ ವಿಷಯ.

ಕಾಕಾನ ಹಿಮ್ಮಡಕ್ಕೆ ಟ್ರ್ಯಾಕ್ಟರಿನ ಗ್ರೀಸು. “ಬೇರಿಂಗಿಗೇ ನಡೀತೈತಿ, ಹಿಮ್ಮಡಕ್ಕ ನಡಿಯೂದಿಲ್ಲೇನು?” ನಗಲು ಹೋಗಿ ಸುಮ್ಮನಾದೆ. ಯಾಕೆಂದರೆ ವ್ಯಾಸಲೀನ್ ಹುಟ್ಟಿದ್ದೂ ಇದೇ ತರ್ಕದಿಂದ. ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಲ್ಲಿ ಪಂಪಿನ ಸರಳಿಗೆ ಮೆತ್ತಿಕೊಳ್ಳುವ ಜಿಡ್ಡನ್ನು ಕೂಲಿಯವರು ಸುಟ್ಟ ಗಾಯ, ಕೊಯ್ದ ಗಾಯಗಳಿಗೆ ಸವರುತ್ತಿದ್ದರು. ರಾಬರ್ಟ್ ಚೆಸ್‌ಬ್ರೋ ಎಂಬ ಯುವಕ ಅದನ್ನು ಮನೆಗೊಯ್ದು ಶುದ್ಧಮಾಡಿ 1872ರಲ್ಲಿ ಪೇಟೆಂಟ್ ಪಡೆದ. ದಿನಾ ಒಂದು ಚಮಚ ತಿನ್ನುತ್ತಿದ್ದನಂತೆ. ಬದುಕಿದ್ದು 96 ವರ್ಷ. ಕಾಕಾನಿಗೂ ಅವನಿಗೂ ನಡುವೆ ಇರುವುದು ಶುದ್ಧಮಾಡುವ ಕೆಲಸವೊಂದೇ. ಆದರೆ ಆ ಕೆಲಸವೇ ಎಲ್ಲ. ಗ್ರೀಸಿನಲ್ಲಿ ಏನೇನಿರುತ್ತದೆಂದು ಹೇಳಲಾಗದು, ಬಿರಿದ ಗಾಯಕ್ಕೆ ಅದು ತಾಗಕೂಡದು. ಕಾಕಾನಿಗೆ ಬಿಳಿ ವ್ಯಾಸಲೀನಿನ ಡಬ್ಬಿ ತಂದುಕೊಟ್ಟೆ. ಅದನ್ನು ಅವನು ಪಂಪ್‌ಸೆಟ್ಟಿನ ವಾಶರಿಗೆ ಹಚ್ಚುತ್ತಿದ್ದಾನೆಂದು ವೈನಿ ಫೋನಿನಲ್ಲಿ ತಿಳಿಸಿದರು.

ನಮ್ಮ ಆಯಿಯ ಮದ್ದು ಕುಸುಬಿ ಎಣ್ಣೆ. ಒಂದು ಕಾಲಕ್ಕೆ ನಮ್ಮ ಹಿಂಗಾರಿ ಹೊಲಗಳ ಅಂಚಿನಲ್ಲೆಲ್ಲ ಕುಸುಬಿಯ ಮುಳ್ಳು ಸಾಲುಗಳು. ದನ ನುಗ್ಗದಂತೆ ಬೇಲಿಯೂ ಆಯಿತು, ಗಾಣಕ್ಕೆ ಬೀಜವೂ ಆಯಿತು. ಈ ಎಣ್ಣೆಯ ಮುಕ್ಕಾಲು ಪಾಲು ಲಿನೊಲಿಯಿಕ್ ಆಮ್ಲ. ಚರ್ಮ ತನ್ನ ನೀರು ಸೋರದಂತೆ ಕಟ್ಟಿಕೊಳ್ಳುವ ಒಡ್ಡಿಗೆ ಬೇಕಾದ ಜಿಡ್ಡು ಅದೇ, ಮೈ ತಾನಾಗಿ ತಯಾರಿಸಿಕೊಳ್ಳಲಾರದ್ದೂ ಅದೇ. ಹುಬ್ಬಳ್ಳಿಯ ನಮ್ಮ ಮನೆಯ ಕಪಾಟಿನಲ್ಲಿರುವ ದುಬಾರಿ ಬಾಟಲಿಯ ಮೇಲೆ ಈ ಎಣ್ಣೆಯ ಹೆಸರನ್ನು ಇಂಗ್ಲಿಷಿನಲ್ಲಿ ಬಂಗಾರದ ಅಕ್ಷರದಿಂದ ಬರೆದಿದ್ದಾರೆ. ಆಯಿ ಅದನ್ನು ತೊಟ್ಟಿಕ್ಕಿಸಿ, ತಿಕ್ಕಿ, ಮೂಸಿ ನೋಡಿ ಹೇಳಿದಳು: “ಇದಕ ಗಾಣದವಗ ಎಷ್ಟ ಕೊಟ್ರಿ?”

ಇಷ್ಟೆಲ್ಲ ಹಚ್ಚಿಯೂ ಕಾಲು ಯಾಕೆ ಒಡೆಯುತ್ತದೆ? ಇಲ್ಲಿಯೇ ಇರುವುದು ವಿಷಯ. 1952ರಲ್ಲಿ ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಕಾಲಿನ ದಡ್ಡುಗಟ್ಟಿದ ಚರ್ಮವನ್ನು ಪರೀಕ್ಷಿಸಿ ಒಂದು ಸಂಗತಿ ತೋರಿಸಿಕೊಟ್ಟ. ಒಣಗಿದ ಚರ್ಮವನ್ನು ಎಣ್ಣೆಯಲ್ಲಿ ಎಷ್ಟು ನೆನೆಸಿದರೂ ಅದು ಮೆತ್ತಗಾಗಲಿಲ್ಲ. ನೀರು ಸೋಕಿದ ಮೇಲೆಯೇ ಬಳುಕಿತು. ಅಂದರೆ ಮೆದು ಮಾಡುವುದು ನೀರು. ಎಣ್ಣೆಯ ಕೆಲಸ ಆ ನೀರು ಹಾರಿಹೋಗದಂತೆ ಮುಚ್ಚುವುದಷ್ಟೇ.

ಇದನ್ನು ನಾನು ಬಹಳ ಹುರುಪಿನಿಂದ ಕಾಕಾನಿಗೆ ವಿವರಿಸಿದೆ. ಅವನು ಎಲೆ ಅಡಿಕೆ ಅಗಿಯುತ್ತ, “ಇದಕ ಅಮೇರಿಕಾ ಯಾಕ ಬೇಕಾತು? ಎರಿ ಹೊಲಾನ ಹಂಗಲ್ಲೇನು?” ಎಂದ. ಹೌದಲ್ಲ! ಹಿಂಗಾರಿ ಬೆಳೆಗೆ ಬಿತ್ತಿದ ಮೇಲೆ ಮಳೆಯ ಭರವಸೆ ಇಲ್ಲ. ಕಡಲೆ, ಬಿಳಿಜೋಳ, ಕುಸುಬಿ ಎಲ್ಲ ಬದುಕುವುದು ನೆಲದೊಳಗಿನ ಹಸಿಯ ಮೇಲೆ. ಎರಿ ಮಣ್ಣು ಒಣಗಿದಂತೆ ಕುಗ್ಗಿ ಬಿರಿಯುತ್ತದೆ, ಬಿರುಕಿನಿಂದ ಒಳಗಿನ ಹಸಿ ಆರುತ್ತದೆ, ಆರಿದಷ್ಟೂ ಮತ್ತೆ ಬಿರಿಯುತ್ತದೆ. ಅದಕ್ಕೇ ರೈತ ಸಾಲಿನ ನಡುವೆ ಎಡೆ ಹೊಡೆದು, ಮೇಲಿನ ಮಣ್ಣು ಸಡಿಲಿಸಿ ಬಿರುಕು ಮುಚ್ಚುತ್ತಾನೆ. “ಹಸಿ ಆರೋದರೊಳಗ ಎಡಿ ಹೊಡೀಬೇಕು. ಆರಿದ ಮ್ಯಾಲೆ ಹೊಡದ್ರ ಎತ್ತಿಗೂ ಸುಸ್ತು, ನಮಗೂ ಸುಸ್ತು,” ಎಂದ ಕಾಕಾ. ಚರ್ಮದ ಡಾಕ್ಟರರು ಇದನ್ನೇ, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಮೀರದಂತೆ ಜಳಕ ಮಾಡಿ, ಟವಲಿನಿಂದ ತಿಕ್ಕದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಎರಡು ಮೂರು ನಿಮಿಷದೊಳಗೆ ಎಣ್ಣೆಯೋ ಮುಲಾಮೋ ಹಚ್ಚಿ ಎನ್ನುತ್ತಾರೆ. ಕಾಕಾ ಫೀಜು ಕೇಳಲಿಲ್ಲ. ಆದರೆ ಮರುದಿನ ಮುಂಜಾನೆಯೂ ಅವನ ಮೈಯಿಂದ ಹೊಗೆ ಏಳುತ್ತಿತ್ತು. ಹೊಲದ ಶಾಸ್ತ್ರ ಬೇರೆ, ಬಚ್ಚಲದ ಶಾಸ್ತ್ರ ಬೇರೆ.

ಇಲ್ಲಿಯ ತನಕ ನಗುತ್ತ ಬಂದದ್ದು ಗಂಡಸರ ಕಾಲಿನ ಮಾತು. ಹೆಂಗಸರ ಕಾಲು ನೋಡಬೇಕಾದರೆ ಕಡಲೆ ಹೊಲಕ್ಕೆ ಹೋಗಬೇಕು. ಕಡಲೆ ಗಿಡದ ಎಲೆ, ಕಾಂಡದ ಮೇಲಿನ ಸಣ್ಣ ರೋಮಗಳಿಂದ ಮ್ಯಾಲಿಕ್, ಆಕ್ಸಾಲಿಕ್ ಎಂಬ ಆಮ್ಲಗಳು ಒಸರುತ್ತವೆ. ಬೆಳಗಿನ ಜಾವ ತೆಳು ಬಟ್ಟೆ ಹಾಸಿ, ಮಂಜಿನ ಜತೆ ಅದನ್ನು ಹಿಂಡಿ ತೆಗೆದರೆ ಅದೇ ಕಡಲೆ ಹುಳಿ. ಹೊಟ್ಟೆನೋವಿಗೆ ಬರುತ್ತದೆಂದು ಹಳಬರು ಶೀಸೆಯಲ್ಲಿ ಕಟ್ಟಿಡುತ್ತಿದ್ದರು. ಆ ಹುಳಿ ತುಂಬಿದ ಮಂಜಿನಲ್ಲಿ, ಚಪ್ಪಲಿಯಿಲ್ಲದೆ, ಹೆಂಗಸರು ಕಡಲೆಯ ಕುಡಿ ಚಿವುಟುತ್ತ ಸಾಲು ಸಾಲು ನಡೆಯುತ್ತಾರೆ. ಕಸ ತೆಗೆಯುವವರೂ ಅವರೇ, ಆಮೇಲೆ ಗಿಡ ಕೀಳುವವರೂ ಅವರೇ. ಬೆರಳ ಸಂದಿಗೆ, ಹಿಮ್ಮಡದ ಸೀಳಿಗೆ ಹುಳಿ ಇಳಿದಾಗ ಒಬ್ಬಾಕೆ ‘ಸ್ಸ್’ ಎನ್ನುತ್ತಾಳೆ, ಪಕ್ಕದಾಕೆ ನಗುತ್ತಾಳೆ, ಮುಂದಿನ ಗಿಡಕ್ಕೆ ಹೋಗುತ್ತಾರೆ. ನಿಮ್ಮ ಚಟ್ನಿಪುಡಿಯ ಪುಟಾಣಿ, ಹೋಳಿಗೆಯ ಬೇಳೆ ಬರುವುದು ಹೀಗೆ.

ಇದೇ ಹೆಂಗಸು ಸಂಜೆ ಮನೆಗೆ ಬಂದು ಮಕ್ಕಳ ತಲೆಗೆ ಎಣ್ಣೆ ಬಡಿಯುತ್ತಾಳೆ, ಹಂಚಿಗೆ ಎಣ್ಣೆ ಸವರುತ್ತಾಳೆ, ದೇವರ ದೀಪಕ್ಕೆ ಎರೆಯುತ್ತಾಳೆ. ಗಂಡ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ, ಎತ್ತಿನ ಕೋಡಿಗೆ ಹಚ್ಚಿ ಹೊಳೆಯಿಸುತ್ತಾನೆ, ಕಿರುಗುಟ್ಟುವ ಬಾಗಿಲಿಗೂ ಒಂದು ತೊಟ್ಟು ಬೀಳುತ್ತದೆ. ಮನೆಯಲ್ಲಿ ಎಣ್ಣೆ ಕಾಣದೆ ಉಳಿಯುವುದು ಅವಳ ಹಿಮ್ಮಡವೊಂದೇ. ಹೇಳಿದರೆ, “ನನ್ನ ಕಾಲ ಯಾರ ನೋಡ್ತಾರ?” ಎಂಬ ಉತ್ತರ ತಯಾರು. ನಮ್ಮ ಅವ್ವನದೂ ಅದೇ ಉತ್ತರ. ಬಾಗಿಲು ಕಿರುಗುಟ್ಟುವುದರಿಂದ ಅದಕ್ಕೆ ಎಣ್ಣೆ ಸಿಗುತ್ತದೆ, ಅವ್ವ ಕಿರುಗುಟ್ಟುವುದಿಲ್ಲ.

ಹುಬ್ಬಳ್ಳಿಯ ಡಾಕ್ಟರರೊಬ್ಬರು ಅವ್ವನ ಕಾಲಿಗೆ ಯೂರಿಯಾ ಮುಲಾಮು ಬರೆದುಕೊಟ್ಟರು. ಕಾಕಾ ಚೀಟಿ ನೋಡಿ ಹೌಹಾರಿದ: “ಯೂರಿಯಾ? ಸೊಸೈಟಿಯೊಳಗ ಪಾಳೆ ಹಚ್ಚಬೇಕೇನು?” ರಾಸಾಯನಿಕ ಅದೇ, ಹೊಲಕ್ಕೆ ಹಾಕುವುದೂ ಅದೇ. ಆದರೆ 45 ಕಿಲೋ ಚೀಲದಿಂದ ಹಿಡಿ ತೆಗೆದು ಕಾಲಿಗೆ ತಿಕ್ಕುವ ವಿಚಾರ ಯಾರೂ ಮಾಡಬೇಡಿ. ನೀರು ಹಿಡಿದಿಡಲು ನಮ್ಮ ಚರ್ಮವೇ ಸ್ವಲ್ಪ ಯೂರಿಯಾ ಇಟ್ಟುಕೊಂಡಿರುತ್ತದೆ. ಶೇಕಡಾ 10ರ ಮುಲಾಮು ಒಣ ಚರ್ಮಕ್ಕೆ ಹಸಿ ಎಳೆದುಕೊಡುತ್ತದೆ. 20, 25ರದು ದಡ್ಡುಗಟ್ಟಿದ ಹಿಮ್ಮಡವನ್ನು ಕರಗಿಸುತ್ತದೆ. ರಕ್ತ ಒಸರುವ ಸೀಳಿಗೆ ಹಚ್ಚಿದರೆ ಮಾತ್ರ ಉರಿ ನೆತ್ತಿಗೇರುತ್ತದೆ. ಅಂಥ ಸೀಳಿಗೆ ಮೊದಲು ವ್ಯಾಸಲೀನೇ ಸಾಕು. ರಾತ್ರಿ ಕಾಲು ನೆನೆಸಿ, ಒರೆಸಿ, ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಹಿಮ್ಮಡ ಮುಚ್ಚುವ ಚಪ್ಪಲಿ ಬೇಕು. ಬಚ್ಚಲ ಕಲ್ಲಿಗೆ ಸೀಳು ಉಜ್ಜುವುದು, ಬ್ಲೇಡಿನಿಂದ ಕೆತ್ತುವುದು ಬೇಡವೇ ಬೇಡ. ಸಕ್ಕರೆ ಕಾಯಿಲೆ ಇದ್ದವರಂತೂ ಸೀಳು ಕಂಡ ಕೂಡಲೇ ಡಾಕ್ಟರರಿಗೆ ತೋರಿಸಬೇಕು. ಅವರಿಗೆ ನೋವು ಗೊತ್ತಾಗುವುದು ತಡವಾಗಿ, ಅಷ್ಟರಲ್ಲಿ ಸೀಳು ಹುಣ್ಣಾಗಿರುತ್ತದೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ನೀವೂ ಊರಿಗೆ ಹೋಗುವವರೇ ಇದ್ದೀರಿ. ಪೇಢೆಯ ಡಬ್ಬಿಯ ಜತೆಗೆ ಒಂದು ಮುಲಾಮಿನ ಟ್ಯೂಬೂ ಒಯ್ಯಿರಿ. ಅವ್ವನ ಕೈಗೆ ಕೊಟ್ಟು ಬರಬೇಡಿ. ಕೊಟ್ಟರೆ ಅದು ಹೊಸ ಸೀರೆಗಳ ಜತೆ ಟ್ರಂಕಿನೊಳಗೆ ಸೇರುತ್ತದೆ. ಕಾಲು ತೊಳೆಸಿ, ಹಸಿ ಆರೋದರೊಳಗೆ ನೀವೇ ಹಚ್ಚಿ ಬನ್ನಿ.